ದಾಕ್ಷಾಯಿಣಿ ಚೀಲದ ತಳಕ್ಕೆ ಕೈ ಹಾಕಿದ್ದು

ಸಿರಸಿಯ ಗೋವಿಂದ ಹೆಗಡೆಯವರ ವಖಾರಿಗೆ ಅಡಿಕೆ ತರುವವರು ದಾಕ್ಷಾಯಿಣಿ ಯಾವ ದಿನ ರಜೆ ಹಾಕುತ್ತಾಳೆಂದು ಮೊದಲೇ ವಿಚಾರಿಸಿಕೊಂಡು ಬರುತ್ತಾರೆ ಎಂಬ ಮಾತಿತ್ತು. ಅದರಲ್ಲಿ ಅರ್ಧ ತಮಾಷೆ, ಅರ್ಧ ನಿಜ. ಇಪ್ಪತ್ತೆರಡು ವರ್ಷಗಳಿಂದ ಆಕೆ ಅಲ್ಲಿ ಅಡಿಕೆ ಆರಿಸುವ ಹೆಂಗಸು. ಚೀಲದ ಬಾಯಿ ಬಿಚ್ಚಿದಾಗ ಮೇಲೆ ಕಾಣುವುದು ಯಾವಾಗಲೂ ಕೆಂಪಗೆ ಮಿರುಗುವ ಒಳ್ಳೆಯ ಅಡಿಕೆಯೇ. ಉಳಿದವರು ಒಂದು ಮುಷ್ಟಿ ಎತ್ತಿ ನೋಡಿ ತಲೆಯಾಡಿಸಿದರೆ, ದಾಕ್ಷಾಯಿಣಿ ಸೆರಗು ಸಿಕ್ಕಿಸಿ ಮೊಣಕೈವರೆಗೆ ತೋಳು ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದಳು. ಅದರಲ್ಲೊಂದನ್ನು ಅಡಕತ್ತರಿಗೆ ಕೊಟ್ಟು, ಕಪ್ಪಿಟ್ಟ ಹೋಳನ್ನು ತಂದವನ ಮೂಗಿನ ಕೆಳಗೇ ಹಿಡಿಯುತ್ತಿದ್ದಳು.

ಒಮ್ಮೆ ಸಿದ್ದಾಪುರ ಕಡೆಯ ಯಜಮಾನರೊಬ್ಬರಿಗೆ ಇದರಿಂದ ಸಿಟ್ಟು ನೆತ್ತಿಗೇರಿತು. "ನಾಲ್ಕು ತಲೆಮಾರಿನಿಂದ ಅಡಿಕೆ ಬೆಳೆದವರು ನಾವು. ನಮಗೇ ಪಾಠ ಹೇಳ್ತೀಯಾ?" ಎಂದು ಕೂಗಾಡಿದರು.

"ಪಾಠ ನನಗೆಲ್ಲಿ ಬರ್ತೈತ್ರಿ ಯಜಮಾನ್ರ? ನಾನು ಏನೂ ಹೇಳಿಲ್ಲ. ನಿಮ್ಮ ಚೀಲಾನ ಹೇಳಾಕತ್ತೈತಿ," ಎಂದಳು ದಾಕ್ಷಾಯಿಣಿ, ತಲೆ ಎತ್ತದೆ.

ಈ ಗುಣ ವಖಾರಿಯ ಬಾಗಿಲಿಗೆ ಮುಗಿಯುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಚಪ್ಪರದ ಜರಿಬಟ್ಟೆ ಬಿಟ್ಟು ಕೈತೊಳೆಯುವ ಜಾಗ ನೋಡುತ್ತಿದ್ದಳು. ಹೊಸ ಅಂಗಡಿಗೆ ಹೋದರೆ ಮುಂದಿನ ಸಾಲಿನ ಟೊಮೆಟೊ ಬಿಟ್ಟು ಬುಟ್ಟಿಯ ಅಡಿಗೆ ಕೈ ತೂರಿಸುತ್ತಿದ್ದಳು. ಜಗತ್ತಿನಲ್ಲಿ ಮೇಲೊಂದು ಒಳಗೊಂದು ಇರದ ವಸ್ತುವನ್ನು ತಾನು ಇನ್ನೂ ಕಂಡಿಲ್ಲ ಎಂಬುದು ಆಕೆಯ ಅಭಿಪ್ರಾಯವಾಗಿತ್ತು, ಆ ಅಭಿಪ್ರಾಯದ ಬಗ್ಗೆ ಸಣ್ಣದಲ್ಲದ ಜಂಬವೂ ಇತ್ತು.

ಇಂಥವಳು ಶಾಲೆಯ ಸಮಿತಿಗೆ ಅಧ್ಯಕ್ಷೆ ಆಗಿದ್ದು ಅರ್ಹತೆಯಿಂದಲ್ಲ, ಬೇರೆ ಯಾರೂ ಸಿಗದೆ. ಬನವಾಸಿ ರಸ್ತೆಯ ಕೆರೆಕೊಪ್ಪದಲ್ಲಿ ಆಕೆಯ ಮನೆ. ಗಂಡ ಮಡಿವಾಳಪ್ಪ ಮನೆ ಕಟ್ಟುವ ಗೌಂಡಿ ಕೆಲಸದವನು. ಒಬ್ಬಳೇ ಮಗಳು ನಮಿತಾ ಊರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ. ಎರಡು ವರ್ಷದ ಹಿಂದೆ ಪಾಲಕರ ಸಮಿತಿಗೆ ಅಧ್ಯಕ್ಷರಾಗಿ ಹೆಂಗಸೇ ಬೇಕಿತ್ತು. ಸಭೆಗೆ ಬಂದಿದ್ದ ಹೆಂಗಸರು ಮೂವರು. ಒಬ್ಬಳು ಬಾಣಂತಿ, ಇನ್ನೊಬ್ಬಳು ಸಭೆ ಮುಗಿಯುವ ಮೊದಲೇ ಎಮ್ಮೆ ಕರೆಯಲು ಓಡಿದಳು. ಉಳಿದವಳು ದಾಕ್ಷಾಯಿಣಿ. ಮುಖ್ಯ ಶಿಕ್ಷಕ ಉಲ್ಲಾಸ ಹೆಗಡೆ ಮಾಸ್ತರರು ಚಪ್ಪಾಳೆ ತಟ್ಟಿಸಿ, ಚಹಾ ಕೊಡಿಸಿ, ರಿಜಿಸ್ಟರಿನಲ್ಲಿ ಬೆರಳಿಟ್ಟು ತೋರಿಸಿದರು. "ಇಲ್ಲೊಂದು ಸಹಿ ಹಾಕಿ ಸಾಕು. ಮತ್ತೆಂತ ಕೆಲಸವೂ ಇಲ್ಲ ಮಾರಾಯ್ರೆ."

ಅದೊಂದು ಮಾತನ್ನು ಅವರು ಪ್ರಾಮಾಣಿಕವಾಗಿಯೇ ಹೇಳಿದ್ದರು. ಎರಡು ವರ್ಷ ಆಕೆ ಸಹಿ ಹಾಕಿದಳು, ಚಹಾ ಕುಡಿದಳು, ಬೇರೆ ಕೆಲಸ ಬರಲಿಲ್ಲ.

ಶಾಲೆಯ ಬಗ್ಗೆ ಆಕೆಗೆ ಅನುಮಾನ ಇರಲಿಲ್ಲವೆಂದಲ್ಲ. ಆದರೆ ಮಗಳ ನೋಟುಬುಕ್ಕು ನೋಡಿದರೆ ಅನುಮಾನ ಕರಗಿ ಹೋಗುತ್ತಿತ್ತು. ದಿನಾ ಸಂಜೆ ವಖಾರಿಯಿಂದ ಬಂದು ಕೈ ತೊಳೆದವಳೇ ಅದನ್ನು ಬಿಡಿಸುತ್ತಿದ್ದಳು. ಪುಟಪುಟವೂ ದುಂಡುದುಂಡು ಅಕ್ಷರ, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ, ಕೆಳಗೆ ಮಾಸ್ತರರ ಕೆಂಪು ಗುರುತು. ಏಳನೇ ತರಗತಿಗೇ ಶಾಲೆ ಬಿಟ್ಟಿದ್ದ ದಾಕ್ಷಾಯಿಣಿಗೆ ಓದಲು ಚೆನ್ನಾಗಿ ಬರುತ್ತಿತ್ತು, ಆದರೆ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಮಗಳ ಅಕ್ಷರದ ಮೇಲೆ ಬೆರಳಾಡಿಸಿ, "ನನ್ನ ಹಂಗ ಆಗಲಿಲ್ಲ ಬಿಡು ಈಕಿ," ಎಂದು ಗಂಡನಿಗೆ ತೋರಿಸುತ್ತಿದ್ದಳು. ನಮಿತಾ ಲಗುಬಗೆಯಿಂದ ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ಹೀಗಿರುವಾಗ ಶಾಲೆಯ ಗುಣಮಟ್ಟ ಅಳೆಯಲು ಮೇಲಿನಿಂದ ತಂಡವೊಂದು ಬರುತ್ತದೆ, ಶಾಲೆಗೆ ಶ್ರೇಣಿ ಕೊಡುತ್ತದೆ ಎಂಬ ಸುದ್ದಿ ಬಂತು. ಹದಿನೈದು ದಿನ ಕೆರೆಕೊಪ್ಪದ ಶಾಲೆಯಲ್ಲಿ ಪಾಠ ಬಿಟ್ಟು ಉಳಿದೆಲ್ಲ ನಡೆಯಿತು. ಹೊರಗೋಡೆಗೆ ರೈಲುಬಂಡಿಯ ಚಿತ್ರ ಬಂತು. ಸಿರಸಿಯ ಸುತ್ತ ಮೂರು ತಾಲೂಕಿನಲ್ಲಿ ಹುಡುಕಿದರೂ ರೈಲು ಸಿಗುವುದಿಲ್ಲ, ಶಾಲೆಯ ಗೋಡೆಗಳ ಮೇಲೆ ಮಾತ್ರ ಎಲ್ಲಿ ನೋಡಿದರೂ ರೈಲೇ. ಹಳೆಯ ಟೈರುಗಳಿಗೆ ಬಣ್ಣ ಬಳಿದು ಅರ್ಧ ಹೂತರು. ಉಲ್ಲಾಸ ಮಾಸ್ತರರ ಮನೆಯ ಹೂಕುಂಡಗಳು ಓಮ್ನಿಯಲ್ಲಿ ಬಂದು ಜಗುಲಿಯಲ್ಲಿ ಸಾಲಾಗಿ ಕೂತವು. ಕಪಾಟಿನ ಬೀಗ ತೆಗೆದು, ಗ್ರಂಥಾಲಯದ ಪುಸ್ತಕಗಳನ್ನು ಹಗ್ಗಕ್ಕೆ ನೇತು ಹಾಕಿದರು. ಮುಟ್ಟಿದರೆ ಜೋಕೆ ಎಂದು ಮಕ್ಕಳಿಗೆ ತಾಕೀತೂ ಆಯಿತು.

ತಂಡ ಬರುವ ದಿನ ದಾಕ್ಷಾಯಿಣಿ ವಖಾರಿಗೆ ರಜೆ ಹೇಳಿ ಬೆಳಿಗ್ಗೆಯೇ ಶಾಲೆಗೆ ಬಂದಳು. ಬಂದವಳು ಸೀದಾ ಹೋಗಿದ್ದು 'ನಮ್ಮ ಕೈತೋಟ' ಎಂದು ಬೋರ್ಡು ಹಾಕಿದ ಮೂಲೆಗೆ. ಬದನೆ, ಕರಿಬೇವು, ದಾಸವಾಳ ಎಲ್ಲವೂ ಹಸಿರಾಗಿದ್ದವು. ಕರಿಬೇವಿನ ಗಿಡವೊಂದನ್ನು ಎರಡು ಬೆರಳಲ್ಲಿ ಎತ್ತಿದಳು. ಅದು ಸಲೀಸಾಗಿ ಕೈಗೆ ಬಂತು. ಬೇರೇ ಇರಲಿಲ್ಲ. ನಿನ್ನೆ ಸಂಜೆ ಮುರಿದು ತಂದು ಒದ್ದೆ ಮಣ್ಣಿಗೆ ಚುಚ್ಚಿದ ಟೊಂಗೆ.

"ಹಾಳಾಗ್ಲಿ, ಒಗ್ಗರಣಿಗಾದ್ರೂ ಆಕ್ಕಿತ್ತು," ಎಂದು ಮತ್ತೆ ಅಲ್ಲೇ ಚುಚ್ಚಿ ಬಂದಳು.

ಆದರೂ ಅವತ್ತು ಆಕೆಯ ಮನಸ್ಸು ಹಗುರವಾಗಿಯೇ ಇತ್ತು. ಯಾಕೆಂದರೆ ಅತಿಥಿಗಳನ್ನು ಸ್ವಾಗತಿಸಲು ಆರಿಸಿದ ಮಕ್ಕಳಲ್ಲಿ ನಮಿತಾ ಮೊದಲಿನವಳು. ಎರಡು ದಿನದ ಹಿಂದೆ ಮಾಸ್ತರರೇ ಹೇಳಿ ಕಳಿಸಿದ್ದರು, ರೇಷ್ಮೆ ಲಂಗ ಹಾಕಿಸಿ ಕಳಿಸಿ ಎಂದು. ದಾಕ್ಷಾಯಿಣಿ ಓಣಿಯ ರಮ್ಯಶ್ರೀಯ ಮನೆಯಿಂದ ಲಂಗ ಕೇಳಿ ತಂದು, ಸೊಂಟಕ್ಕೆ ಎರಡು ಹೊಲಿಗೆ ಹಾಕಿ, ಮಗಳಿಗೆ ಅಬ್ಬಲಿ ಹೂವಿನ ದಂಡೆ ಮುಡಿಸಿದ್ದಳು. ಗೇಟಿನಲ್ಲಿ ಹೂವಿನ ತಟ್ಟೆ ಹಿಡಿದು ನಿಂತ ನಮಿತಾಳನ್ನು ಕಂಡು ಆಕೆಯ ಎದೆ ತುಂಬಿತು. ನಮಿತಾಳ ಪಕ್ಕದಲ್ಲಿ ಇನ್ನೊಬ್ಬಳಿಗೆ ಕುಂಕುಮದ ಬಟ್ಟಲು, ಆಚೆ ಇಬ್ಬರಿಗೆ ನೀರಿನ ತಂಬಿಗೆ. ಒಬ್ಬನಿಗೆ ನೇಗಿಲು ಹೊತ್ತ ರೈತನ ವೇಷ, ಒಬ್ಬನಿಗೆ ಕ್ಯಾರೆಟ್ಟಿನ ವೇಷ, ಉಳಿದ ಮೂವರ ಕೈಗೆ ಕಾಗದದ ಬಾವುಟ. ಒಟ್ಟು ಒಂಬತ್ತು ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು.

ಹನ್ನೊಂದು ಗಂಟೆಗೆ ತಂಡ ಬಂತು. ಮೂವರು. ಇಬ್ಬರು ಫೋಟೊ ತೆಗೆಯುವವರು, ಒಬ್ಬರು ಫೈಲು ಹಿಡಿದ ಸಾಹೇಬರು. ಹೂವು ತಲೆಗೆ ಬಿತ್ತು, ಕುಂಕುಮ ಹಣೆಗೆ ಬಿತ್ತು, ಕ್ಯಾರೆಟ್ಟು ಸಾಹೇಬರ ಕೈ ಕುಲುಕಿತು. ಸಾಹೇಬರು ಗೋಡೆ ನೋಡಿ ಗುರುತು ಹಾಕಿದರು. ಟೈರು ನೋಡಿ ಗುರುತು ಹಾಕಿದರು. ಕೈತೋಟವನ್ನು ಜಗುಲಿಯ ಮೇಲಿಂದಲೇ ನೋಡಿ, "ವೆರಿ ಗುಡ್, ಸಾವಯವ," ಎಂದು ಗುರುತು ಹಾಕಿದರು. ಒಂದು ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಅವರ ಹಾಳೆಯಲ್ಲಿ ನಲವತ್ತು ಪ್ರಶ್ನೆಗಳಿದ್ದವು. ಮಕ್ಕಳಿಗೆ ಓದಲು ಬರುತ್ತದೆಯೇ ಎಂಬುದು ಮೂವತ್ತೆಂಟನೆಯದು.

ಮೂವತ್ತೆಂಟಕ್ಕಾಗಿ ಎಲ್ಲರೂ ಒಳಗೆ ಹೋದರು. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ಸರಾಗವಾಗಿ ಓದಿದಳು. ಎರಡನೆಯವನೂ ಓದಿದ. ಮೂರನೆಯವಳು ಓದುವಷ್ಟರಲ್ಲಿ ಸಾಹೇಬರು ಪೆನ್ನಿನ ಟೋಪಿ ತೆಗೆದಾಗಿತ್ತು.

ದಾಕ್ಷಾಯಿಣಿಗೆ ಅಭ್ಯಾಸಬಲ. ಬಾಯಿ ತನ್ನಿಂದ ತಾನೇ ತೆರೆಯಿತು. "ಸಾಹೇಬ್ರ, ಚೀಲದ ಬಾಯಾಗಿನ ಅಡಿಕಿ ನೋಡಿ ದರ ಕಟ್ಟಬ್ಯಾಡ್ರಿ. ತಳಕ್ಕ ಕೈ ಹಾಕ್ರಿ."

ಸಾಹೇಬರು ನಕ್ಕರು. "ಅಧ್ಯಕ್ಷರು ಚುರುಕಾಗಿದ್ದಾರೆ. ತಳ ಎಲ್ಲಿದೆ ತೋರಿಸಿ ಅಮ್ಮಾ."

ಆಕೆ ಬಾಗಿಲ ಪಕ್ಕದ ಹಾಜರಿ ಹಲಗೆ ನೋಡಿದಳು. ಒಟ್ಟು ಮೂವತ್ತೊಂದು, ಹಾಜರು ಮೂವತ್ತೊಂದು ಎಂದಿತ್ತು. ಶಾಲೆಗೆ ಇದ್ದದ್ದು ಇದೊಂದೇ ದೊಡ್ಡ ಕೋಣೆ. ಕೂತವರನ್ನು ಎಣಿಸಿದಳು. ಇಪ್ಪತ್ತೆರಡು. "ಒಂಬತ್ತು ಕಮ್ಮಿ ಅದಾವ್ರಿ."

"ಅವ್ರು ಸ್ವಾಗತಕ್ಕೆ ಹೊರಗಿದ್ದಾರೆ," ಎಂದರು ಉಲ್ಲಾಸ ಮಾಸ್ತರರು ಗಡಬಡಿಸಿ. "ಪಾಪ, ಬಿಸಿಲಲ್ಲಿ ನಿಂತು ದಣಿದಿದ್ದಾವೆ. ಬೇಡ ಬಿಡಿ."

"ನೆರಳಿಗೆ ಬರ್ಲಿ ಮತ್ತ. ಕರೀರಿ," ಎಂದಳು ದಾಕ್ಷಾಯಿಣಿ. ಮಾಸ್ತರರ ಗಡಬಿಡಿ ಕಂಡಷ್ಟೂ ಆಕೆಗೆ ಹುರುಪು ಬಂತು. ಕ್ಯಾರೆಟ್ಟು ಸಿಕ್ಕಿಬೀಳುತ್ತದೆ ಎಂದು ಆಕೆ ಲೆಕ್ಕ ಹಾಕಿದ್ದಳು.

ಒಂಬತ್ತೂ ಮಕ್ಕಳು ಒಳಗೆ ಬಂದವು. ಸ್ವಾಗತದಲ್ಲಿ ಮೊದಲು ನಿಂತವಳೇ ಇಲ್ಲೂ ಮೊದಲು. ಸಾಹೇಬರು ಕನ್ನಡ ಪುಸ್ತಕದ ನಡುವಿನ ಒಂದು ಪುಟ ತೆರೆದು ನಮಿತಾಳ ಕೈಗೆ ಕೊಟ್ಟರು. ಕೊಟ್ಟು, ಫೋಟೊಕ್ಕೆಂದು ಮೊಬೈಲಿನ ಕಡೆ ಮುಖ ತಿರುಗಿಸಿದರು.

ನಮಿತಾ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಗಟ್ಟಿ ದನಿಯಲ್ಲಿ ಶುರು ಮಾಡಿದಳು. ಒಂದು ಊರು, ಊರಿನಲ್ಲೊಂದು ಕೋಳಿ, ಕೋಳಿಗೆ ನಾಲ್ಕು ಮರಿ. ಎಲ್ಲೂ ತಡವರಿಸಲಿಲ್ಲ. ದಾಕ್ಷಾಯಿಣಿ ಹೆಮ್ಮೆಯಿಂದ ಮಗಳ ಹೆಗಲ ಮೇಲಿಂದ ಬಗ್ಗಿ ಪುಸ್ತಕ ನೋಡಿದಳು. ಆ ಪುಟದಲ್ಲಿ ಕೋಳಿ ಇರಲಿಲ್ಲ. ದೋಣಿಯಿತ್ತು, ಹೊಳೆಯಿತ್ತು, ಹುಟ್ಟು ಹಾಕುವ ಅಂಬಿಗನಿದ್ದ. ಕೋಳಿ ಮೊದಲನೇ ಪಾಠದ್ದು. ಅದನ್ನು ಮಗಳು ಬಾಯಿಪಾಠ ಒಪ್ಪಿಸುತ್ತಿದ್ದಳು.

"ಶಹಬ್ಬಾಸ್!" ಎಂದರು ಸಾಹೇಬರು. ಚಪ್ಪಾಳೆ ಬಿತ್ತು. ಉಲ್ಲಾಸ ಮಾಸ್ತರರು ಬಿಗಿ ಹಿಡಿದ ಉಸಿರು ಬಿಟ್ಟರು.

ಪುಟ ಕಂಡವಳು ಅಲ್ಲಿ ದಾಕ್ಷಾಯಿಣಿ ಒಬ್ಬಳೇ. ಬಾಯಿ ಮುಚ್ಚಿದ್ದರೆ ಶಾಲೆಗೆ ಶ್ರೇಣಿ, ಮಗಳಿಗೆ ಶಹಬ್ಬಾಸ್, ತನಗೆ ಮರ್ಯಾದೆ, ಎಲ್ಲ ಸಿಗುತ್ತಿತ್ತು. ಆದರೆ ಮುಂದಿನ ವರ್ಷ ಐದು, ಅದರಾಚೆ ದೊಡ್ಡ ಶಾಲೆ. ಅಲ್ಲಿ ಇದೇ ಹುಡುಗಿ ಇದೇ ಕೋಳಿಯನ್ನು ಇಟ್ಟುಕೊಂಡು ಏನು ಮಾಡುತ್ತಾಳೆ? ಆಕೆ ಮಗಳ ತೋರುಬೆರಳು ಹಿಡಿದು ದೋಣಿಯ ಕೆಳಗಿನ ಮೊದಲ ಶಬ್ದದ ಮೇಲಿಟ್ಟಳು.

"ಇದನ್ನ ಓದವ್ವ."

ನಮಿತಾ ಓದಲಿಲ್ಲ. ಹೊರಗೆ ಹಗ್ಗಕ್ಕೆ ನೇತುಬಿದ್ದ ಪುಸ್ತಕಗಳು ಗಾಳಿಗೆ ಪಟಪಟ ಅನ್ನುವುದು ಕೇಳುತ್ತಿತ್ತು. ಕೊನೆಗೆ ಹುಡುಗಿ ತಾಯಿಯ ಕಡೆ ತಿರುಗಿ, ಗುಟ್ಟು ಹೇಳುವಂತೆ ಹೇಳಿದಳು.

"ಅವ್ವಾ, ಓದಾಕ ಬರೋರು ಒಳಗ ಕುಂದ್ರತಾರ. ಬರಲಾರದೋರು ತಟ್ಟಿ ಹಿಡಿತೀವಿ. ಯಾರ ಬಂದ್ರೂ ಹಂಗ. ನೀನು ಲಂಗ ತಂದು ಖುಷಿ ಆಗಿದ್ದಿ, ಅದಕ್ಕ ನಾ ಹೇಳಲಿಲ್ಲ."

ಆ ಕೋಣೆಯಲ್ಲಿ ತಲೆ ತಗ್ಗಿಸಬೇಕಾದವರು ಬಹಳ ಜನರಿದ್ದರು. ತಗ್ಗಿಸಿದವಳು ದಾಕ್ಷಾಯಿಣಿ. ಸಾವಿರಾರು ಚೀಲಗಳ ತಳ ಮುಟ್ಟಿ ಊರವರ ಮೂಗಿಗೆ ಹೋಳು ಹಿಡಿದವಳು, ಮನೆಯೊಳಗಿನ ನೋಟುಬುಕ್ಕಿನ ಬಣ್ಣಕ್ಕೆ ಮರುಳಾಗಿದ್ದಳು. ಹಲಗೆಯ ಮೇಲಿನದನ್ನು ನೋಡಿ ಚಿತ್ರದಂತೆ ಬಿಡಿಸಿದ ಅಕ್ಷರಗಳು ಅವು. ಒಂದೇ ಒಂದು ಸಂಜೆ, ಏನು ಬರೆದಿದ್ದೀ ಓದಿ ಹೇಳು ಎಂದು ಕೇಳಿದ್ದರೆ ಸಾಕಿತ್ತು. ಕೇಳಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಮಕ್ಕಳು ಹೆದರ್ತಾರೆ, ದೊಡ್ಡದು ಮಾಡಬೇಡಿ," ಎಂದು ಸಾಹೇಬರು ಗಡಿಯಾರ ನೋಡಿಕೊಂಡರು. "ಮೊದಲು ಓದಿದಳಲ್ಲ, ಅಷ್ಟೇ ಸಾಕು." ಮೂವತ್ತೆಂಟಕ್ಕೂ ಗುರುತು ಬಿತ್ತು. ಹಾಳೆ ಅಧ್ಯಕ್ಷರ ಸಹಿಗೆ ಬಂತು.

ದಾಕ್ಷಾಯಿಣಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಕೆ ಓದಿದ್ದು ಶಾಲೆಯವರು ಕಂಡಿದ್ದು ಅದೇ ಮೊದಲು. ಓದಿ, ಪೆನ್ನನ್ನು ಹಾಳೆಯ ಮೇಲಿಟ್ಟು ಆಚೆ ತಳ್ಳಿದಳು. "ಇದಕ್ಕ ನಾ ಸಹಿ ಮಾಡಂಗಿಲ್ರಿ."

"ನಿಮ್ಮ ಮಗಳ ಮಾನವನ್ನೂ ಕಳೆದ್ರಿ, ಶಾಲೆ ಮಾನವನ್ನೂ ಕಳೀತೀರಿ," ಎಂದರು ಮಾಸ್ತರರು. ಆಮೇಲೆ ಏನು ಮಾಡಬೇಕೆಂದು ತೋಚದೆ ಗೋಡೆಯ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ ಗೊಣಗಿಕೊಂಡರು, "ಎಂತ ಮಾಡವು ಹೇಳೇ ಗೊತ್ತಾಗ್ತಿಲ್ಲೆ."

"ಓದಾಕ ಕಲಿಸ್ರಿ ಸರ. ಮತ್ತೇನು ಮಾಡ್ತೀರಿ?" ಎಂದಳು ದಾಕ್ಷಾಯಿಣಿ.

ಸಹಿಯೇನು ನಿಲ್ಲಲಿಲ್ಲ. ಉಪಾಧ್ಯಕ್ಷ ವೀರಪ್ಪನನ್ನು ಗದ್ದೆಯಿಂದ ಕರೆಸಿದರು. ಆತ ಕೆಸರುಗಾಲಲ್ಲೇ ಬಂದು, ಏನು ಎತ್ತ ಕೇಳದೆ, ತೋರಿಸಿದಲ್ಲಿ ಬರೆದು ಹೋದ. ಹೂಕುಂಡಗಳು ಸಂಜೆಯೇ ಓಮ್ನಿ ಹತ್ತಿದವು. ಕೈತೋಟ ಮೂರನೇ ದಿನ ಒಣಗಿತು. ತಿಂಗಳೊಳಗೆ ಕೆರೆಕೊಪ್ಪದ ಶಾಲೆಗೆ 'ಎ' ಶ್ರೇಣಿ ಬಂತು.

ಆ ತಿಂಗಳು ದಾಕ್ಷಾಯಿಣಿ ನೋಟುಬುಕ್ಕು ಬಿಡಿಸಲೇ ಇಲ್ಲ. ಮೊದಲನೇ ತರಗತಿಯ ಹಳೆಯ ಪುಸ್ತಕ ತಂದು, ಸಂಜೆ ರೊಟ್ಟಿ ಬಡಿಯುತ್ತ ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಮಾಸ್ತರರ ಹತ್ತಿರವೂ ಹೋಗಿ, ಒಂಬತ್ತು ಮಕ್ಕಳನ್ನು ದಿನಾ ಒಂದು ತಾಸು ಬೇರೆ ಕೂರಿಸಿ ಓದಿಸಿರೆಂದು ಕೇಳಿದಳು. ಅವರು ನೋಡೋಣ ಎಂದರು. ನೋಡುತ್ತಲೇ ಇದ್ದರು.

ಶ್ರೇಣಿಯ ಫಲಕ ಕೊಡಲು ದೊಡ್ಡ ಅಧಿಕಾರಿಯೊಬ್ಬರು ಬರುವರೆಂದು ಗೊತ್ತಾದಾಗ ಮಾಸ್ತರರಿಂದ ಮತ್ತೆ ಸುದ್ದಿ ಬಂತು, ನಮಿತಾಳಿಗೆ ರೇಷ್ಮೆ ಲಂಗ ಹಾಕಿಸಿ ಕಳಿಸಿ ಎಂದು. ಅಭ್ಯಾಸ ಯಾರನ್ನೂ ಬಿಡುವುದಿಲ್ಲ ನೋಡಿ.

ದಾಕ್ಷಾಯಿಣಿ ಲಂಗವನ್ನು ಎಂದೋ ರಮ್ಯಶ್ರೀಗೆ ವಾಪಸು ಕೊಟ್ಟಿದ್ದಳು. ಆ ದಿನ ಬೇಗನೆ ಹೋಗಿ ಒಂಬತ್ತೂ ಮಕ್ಕಳನ್ನು ಒಬ್ಬೊಬ್ಬರಾಗಿ ಕೈಹಿಡಿದು ಒಳಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಮಾಸ್ತರರು ಬಾಯಿ ತೆರೆಯುವ ಮೊದಲೇ ಹೂವಿನ ತಟ್ಟೆಯನ್ನು ತಾನೇ ಎತ್ತಿಕೊಂಡು ಗೇಟಿಗೆ ಹೋದಳು. ಅಡಿಕೆಯ ಕೆಂಪು ಕಲೆಯಿದ್ದ ಕೆಲಸದ ಸೀರೆಯಲ್ಲೇ ನಿಂತಳು.

ಕಾರು ಇಳಿದ ಅಧಿಕಾರಿ ಎಡಬಲ ನೋಡಿದರು. "ಸ್ವಾಗತಕ್ಕೆ ಮಕ್ಕಳಿಲ್ವಾ?"

"ಇಲ್ರಿ," ಎಂದು ದಾಕ್ಷಾಯಿಣಿ ಅವರ ತಲೆಯ ಮೇಲೆ ಒಂದು ಹಿಡಿ ಹೂವು ಹಾಕಿದಳು. "ಇವತ್ತು ಮೂವತ್ತೊಂದೂ ಒಳಗ ಅದಾವ್ರಿ. ಮುಂದಿನ ಸಾಲಿಗೆ ಓದಾಕ ಬರಂಗಿಲ್ಲ. ಅಲ್ಲಿಂದನ ಶುರು ಮಾಡ್ರಿ."