ಕುಣಿಯೊಳಗೆ ಜೋಡಿ ಗುಲಾಮರು

ಇಳಕಲ್ಲಿನ ಬಾಬಣ್ಣನ ಕಿವಿಯ ವಿಷಯ ಮೊದಲೇ ಹೇಳಿಬಿಡಬೇಕು. ಮುಂದೆ ಆದದ್ದೆಲ್ಲ ಆ ಕಿವಿಯಿಂದಲೇ ಆದದ್ದು. ಗುಡೂರಿನಲ್ಲಿ ಯಾರದೋ ಮಗ್ಗದ ಎಳೆ ಹರಿದರೆ ಇಳಕಲ್ಲಿನಲ್ಲಿ ಕೂತ ಬಾಬಣ್ಣ "ಗಂಟ ಹಾಕ್ರಿ" ಅನ್ನುತ್ತಿದ್ದ. ಕಮತಗಿಯಲ್ಲಿ ನೇಕಾರನೊಬ್ಬ ತೂಕಡಿಸಿದರೆ ಇವನಿಗೆ ಆಕಳಿಕೆ ಬರುತ್ತಿತ್ತು. ಇದರಲ್ಲಿ ಅರ್ಧ ಸುಳ್ಳು ಎಂದು ಯಾರಾದರೂ ವಾದಕ್ಕೆ ಬಂದರೆ ಅರ್ಧ ಬಿಟ್ಟುಕೊಡೋಣ, ಉಳಿದ ಅರ್ಧ ಈ ಕತೆಗೆ ಸಾಕು.

ಹದಿನಾಲ್ಕನೆಯ ವಯಸ್ಸಿಗೆ ಅಪ್ಪನ ಕುಣಿಮಗ್ಗಕ್ಕೆ ಇಳಿದವನು ಐವತ್ತೆರಡಾದರೂ ಮೇಲೆ ಬಂದಿರಲಿಲ್ಲ. ಮುಂದಿನ ಕೋಣೆಯ ನೆಲದಲ್ಲಿ ಸೊಂಟದಾಳದ ಕುಣಿ. ಅದರೊಳಗೆ ಕಾಲು, ಮೇಲೆ ಕೈ, ನಡುವೆ ಸೀರೆ. ಊರಿನ ಅರ್ಧ ಜನ ಬಾಬಣ್ಣನ ಸೊಂಟದ ಕೆಳಗಿನ ಭಾಗವನ್ನು ನೋಡಿಯೇ ಇರಲಿಲ್ಲ. ಮದುವೆಯ ಅಕ್ಷತೆಯ ದಿನ ಅವನು ಎದ್ದು ನಿಂತದ್ದನ್ನು ಕಂಡ ಮೇಲೆಯೇ ಹೆಂಡತಿ ಮುತ್ತವ್ವನಿಗೆ ಸಮಾಧಾನವಾಯಿತಂತೆ. ಹಾಗಂತ ಅವಳೇ ಹೇಳುತ್ತಾಳೆ.

ಕುಣಿಯಲ್ಲಿ ಕೂತು ಅವನು ಕಲಿತ ವಿದ್ಯೆ ಒಂದೇ. ಲಾಳಿ ಅತ್ತ ಹೋಗಿ ಇತ್ತ ಬರುವಾಗ ಒಂದು ತಾಳ ಇರುತ್ತದೆ. ತಾಳ ತಪ್ಪಿ ಸದ್ದು ನಿಂತರೆ ಎಲ್ಲೋ ಎಳೆ ಹರಿದಿದೆ ಎಂದೇ ಅರ್ಥ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತು.

ಅಂಥ ಕಿವಿಗೆ ಕೇಳದ ಸದ್ದು ಲೋಕದಲ್ಲಿ ಒಂದೇ ಒಂದಿತ್ತು. ಹಿತ್ತಲಿನ ಶೆಡ್ಡಿನಲ್ಲಿ ತಮ್ಮ ಶ್ರೀಧರ ಹಾಕಿದ್ದ ಆರು ಪವರ್‌ಲೂಮಿನ ಸದ್ದು. ಆರೂ ಸೇರಿ ಹೊಡೆದುಕೊಂಡರೆ ಗೋಡೆಯ ಮೇಲಿನ ಹಲ್ಲಿ ಕೈಬಿಟ್ಟು ಬೀಳುತ್ತಿತ್ತು. ಆ ಮನೆಯ ಹಲ್ಲಿಗಳೆಲ್ಲ ಬಾಗಲಕೋಟೆಗೆ ವಲಸೆ ಹೋದವು ಎಂದು ಓಣಿಯವರ ಅಂಬೋಣ. ಬಾಬಣ್ಣ ಮಾತ್ರ ಮೊದಲನೆಯ ದಿನವೇ "ಇದನ್ನ ನಾ ಕೇಳಾಂಗಿಲ್ಲ" ಎಂದು ನಿಶ್ಚಯಿಸಿದ. ಹನ್ನೆರಡು ವರ್ಷ ಕೇಳಲಿಲ್ಲ.

ಶ್ರೀಧರ ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಏಪ್ರಿಲ್ ತಿಂಗಳ ಒಂದು ಸಂಜೆ ಅವನು ಬಂದು ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತ.

"ಅಣ್ಣಾ, ಇನ್ನೆರಡ ಮಷೀನ್ ಹೇಳೇನಿ. ಗುರುವಾರ ಬರ್ತಾವ. ಶೆಡ್ಡಿನ್ಯಾಗ ಜಾಗಾ ಇಲ್ಲ. ಈ ಖೋಲಿ ಇಬ್ಬರದೂ. ಅದಕ್ಕೂ ಮೊದಲ, ಸೋಮವಾರ, ಕುಣಿ ಮುಚ್ಚಸ್ತೇನಿ. ನಿನಗ ಮಷೀನಿನ ಮ್ಯಾಲ ಕೆಲಸ ಐತಿ, ಪಗಾರ ಐತಿ."

"ನಿನ್ನ ಪಾಲು ನಾನ ತಗೊಂಡ್ರ?"

"ತಗೋ. ಒಂದೂವರಿ ಲಕ್ಷ ಕೊಡು, ಮಷೀನ್ ಬ್ಯಾರೆ ಕಡೆ ಹಾಕ್ತೇನಿ. ಎಲ್ಲಿಂದ ತರ್ತಿ ನೀ?"

ಶ್ರೀಧರ ಅದನ್ನು ಮರುಕದಿಂದಲೇ ಕೇಳಿದ್ದ. ಬಾಬಣ್ಣನ ಹತ್ತಿರ ಉತ್ತರವಿತ್ತು. ಹೇಳುವ ಹಾಗಿರಲಿಲ್ಲ.

ಉತ್ತರ ಇದ್ದದ್ದು ಮೊಬೈಲಿನಲ್ಲಿ. ಹಣ ಹಚ್ಚಿ ಆಡುವ ಆಟಗಳನ್ನು ಸರ್ಕಾರ ಬಂದ್ ಮಾಡುವುದಕ್ಕಿಂತ ಒಂದು ವರ್ಷ ಹಿಂದಿನ ಮಾತಿದು. ನೂಲಿಗೆ ಬಣ್ಣ ಹಾಕುವ ಚಾಂದಸಾಬ ಬಾಬಣ್ಣನ ಬಾಲ್ಯದ ಗೆಳೆಯ. ಇಪ್ಪತ್ತು ವರ್ಷದ ಬಣ್ಣ ಉಗುರಿಗೆ ಹತ್ತಿ, ಅವನು ಹಿಡಿದ ಇಸ್ಪೀಟಿನ ಎಲೆಯೆಲ್ಲ ಕೆಂಪಾಗುತ್ತಿತ್ತು. ಅದಕ್ಕೇ ಅವನು ಎಲೆ ಬಿಟ್ಟು ಮೊಬೈಲಿನಲ್ಲಿ ಪೋಕರ್ ಆಡಲು ಕಲಿತದ್ದು. ಅವನೇ ಹಿಂದಿನ ವರ್ಷ ಬಾಬಣ್ಣನಿಗೂ ಕಲಿಸಿದ್ದ.

"ಎರಡ ಎಲಿ ನಿನ್ನ ಕೈಯಾಗ, ಯಾರಿಗೂ ಕಾಣಂಗಿಲ್ಲ. ಐದ ಎಲಿ ನಡಕ, ಎಲ್ಲಾರಿಗೂ ಕಾಣ್ತಾವ. ಉಳಿದದ್ದು ಎದುರಿನಾಂವ ಖರೇ ಹೇಳಾಕತ್ತಾನೋ ಸುಳ್ಳ ಹೇಳಾಕತ್ತಾನೋ ಅನ್ನೋದು. ಅಷ್ಟ ಆಟ."

"ಮಾರಿ ಕಾಣಂಗಿಲ್ಲಲ್ಲೋ?"

"ಇಲ್ಲ. ಅದ ತ್ರಾಸ."

ಬಾಬಣ್ಣನಿಗೆ ಮುಖ ಬೇಕಿರಲಿಲ್ಲ. ಒಂದು ವಾರದಲ್ಲಿ ಅವನಿಗೆ ಗೊತ್ತಾದದ್ದು, ಈ ಆಟದಲ್ಲೂ ತಾಳ ಇದೆ ಎಂದು. ಒಳ್ಳೆಯ ಎಲೆ ಬಂದವನು ಒಂದೇ ಏಟಿಗೆ ಚಿಪ್ಸು, ಅಂದರೆ ಪಣದ ಬಿಲ್ಲೆ, ತಳ್ಳುತ್ತಾನೆ. ಸುಳ್ಳು ಹೇಳುವವನು ನಿಲ್ಲುತ್ತಾನೆ, ಯೋಚಿಸುತ್ತಾನೆ, ಆಮೇಲೆ ದೊಡ್ಡದಾಗಿ ತಳ್ಳುತ್ತಾನೆ. ಲಾಳಿ ನಿಂತಿತೆಂದರೆ ಎಳೆ ಹರಿದಿದೆ. ಮೊಬೈಲನ್ನು ಮಗ್ಗದ ಕಂಬಕ್ಕೆ ಕಟ್ಟಿ, ಎದುರಿನವರು ನಿಲ್ಲುವ ಹೊತ್ತನ್ನು ಲಾಳಿಯ ಲೆಕ್ಕದಲ್ಲಿ ಎಣಿಸುತ್ತ ಆಡಿದ. ಪುಕ್ಕಟೆ ಆಟಗಳಲ್ಲಿ ಗೆದ್ದು ಗೆದ್ದು, ಎಂಟು ತಿಂಗಳಿಗೆ ಒಂದು ದೊಡ್ಡ ಟೂರ್ನಮೆಂಟಿನ ಟಿಕೆಟ್ ಗಿಟ್ಟಿಸಿದ. ಅದು ನಡೆಯುವುದು ಇದೇ ಭಾನುವಾರ. ಮರುದಿನ ಸೋಮವಾರ ಕುಣಿ ಮುಚ್ಚುವುದು. ಮೊದಲ ಮೂವರಿಗೆ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದ ಬಹುಮಾನ, ಅಲ್ಲಿಂದ ಕೆಳಗೆ ಚಿಲ್ಲರೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎರಡು ಸಾವಿರದ ಚಿಲ್ಲರೆ ಮಂದಿ ಆಟಕ್ಕೆ ಕೂತರು. ಬಾಬಣ್ಣ ಕುಣಿಯಲ್ಲಿ ಕೂತ. ಚಾಂದಸಾಬ ಹೊಸ್ತಿಲ ಮೇಲೆ, ಮುತ್ತವ್ವ ಮಗ್ಗದ ಆಚೆ ಬದಿಗೆ. ಅವಳು ಮುಂದಿನ ಸೀರೆಯ ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕುತ್ತಿದ್ದಳು. ಆ ಸೀರೆ ನೇಯುವುದು ಉಂಟೋ ಇಲ್ಲವೋ ಯಾರಿಗೂ ತಿಳಿಯದು. ಆದರೂ ಒಂದೊಂದೇ ಎಳೆಯ ಕುಣಿಕೆಯೊಳಗೆ ಇನ್ನೊಂದು ಎಳೆಯ ಕುಣಿಕೆ ತೂರಿಸುತ್ತಲೇ ಇದ್ದಳು.

ಮಧ್ಯಾಹ್ನದ ಹೊತ್ತಿಗೆ ನೂರು ಮಂದಿ ಉಳಿದರು. ಮೂರಕ್ಕೆ ಒಂಬತ್ತು. ಬಾಬಣ್ಣ ರೊಟ್ಟಿ ತಿನ್ನಲಿಲ್ಲ, ನೀರು ಕುಡಿಯಲಿಲ್ಲ, ರೆಪ್ಪೆ ಬಡಿದದ್ದು ಒಟ್ಟು ನಾಲ್ಕು ಸಲ ಎಂದು ಚಾಂದಸಾಬ ಇವತ್ತಿಗೂ ಆಣೆ ಹಾಕಿ ಹೇಳುತ್ತಾನೆ. ಅವನ ಅಂಗಿಯಿಂದ ಹಿಂಡಿದ ಬೆವರಿನಲ್ಲಿ ಒಂದು ಲಡಿ ನೂಲು ಅದ್ದಬಹುದಿತ್ತು.

ನಾಲ್ಕೂಕಾಲಿಗೆ ನಾಲ್ವರು ಉಳಿದರು.

ಎಲ್ಲರಿಗಿಂತ ಹೆಚ್ಚು ಚಿಪ್ಸು 'ಸಮುದ್ರ77' ಎಂಬ ಹೆಸರಿನವನದು, ಇಪ್ಪತ್ತಾರು ಲಕ್ಷ. ಬಾಬಣ್ಣನದು ಇಪ್ಪತ್ತೊಂದು. ಇನ್ನೊಬ್ಬನದು ಹನ್ನೆರಡು. ಕೊನೆಯವನು 'ಲಕ್ಕಿಮಾವಾ', ಅವನ ಹತ್ತಿರ ಒಂದೇ ಲಕ್ಷ. ಇವು ರೂಪಾಯಿಯಲ್ಲ, ಆಟದ ಲೆಕ್ಕ. ಆ ಹೊತ್ತಿಗೆ ಒಂದು ಸುತ್ತು ಸುಮ್ಮನೆ ಕೂತರೂ ಒಂದು ಲಕ್ಷ ಕರಗುತ್ತಿತ್ತು.

"ಬಾಬಾ, ಇನ್ನ ಕೈ ಕಟ್ಟಿ ಕುಂದ್ರು," ಎಂದ ಚಾಂದಸಾಬ. "ಲಕ್ಕಿಮಾವಾನ ಜೀಂವಾ ಮೂಗಿನ ತುದಿಗೆ ಐತಿ. ಎರಡ ಆಟದಾಗ ಹೋಗ್ತಾನ. ಅಂವಾ ಹ್ವಾದ್ರ ನೀ ಮೂರನ್ಯಾಂವ. ಕುಣಿ ನಿಂದು."

ಆಗಲೇ ಬಾಬಣ್ಣನಿಗೆ ಎರಡು ಎಲೆ ಬಂದವು. ಇಸ್ಪೀಟ ಗುಲಾಮ, ಕಳಾವರ ಗುಲಾಮ. ಜೋಡಿ ಗುಲಾಮರು. ಅದಕ್ಕಿಂತ ದೊಡ್ಡ ಜೋಡಿ ಎಂದರೆ ರಾಣಿ, ರಾಜ, ಎಕ್ಕ, ಮೂರೇ. ಇಂಥ ಎಲೆ ಎಸೆಯುವುದಕ್ಕೆ ಮನಸ್ಸು ಯಾರಿಗೆ ಬರುತ್ತದೆ? ಪಣವನ್ನು ಎರಡು ಲಕ್ಷಕ್ಕೆ ಏರಿಸಿದ. ಹನ್ನೆರಡು ಲಕ್ಷದವನು ಎಲೆ ಎಸೆದ. ಲಕ್ಕಿಮಾವಾ ಎಸೆದ. ಸಮುದ್ರ77ನ ಸರದಿ.

ಸದ್ದಿಲ್ಲ.

ಬಾಬಣ್ಣ ಎಣಿಸತೊಡಗಿದ. ಒಂದು, ಎರಡು, ಮೂರು. ಇಡೀ ದಿನ ಈ ಸಮುದ್ರದವನು ಎರಡರ ಮೇಲೆ ನಿಂತವನೇ ಅಲ್ಲ. ನಾಲ್ಕು, ಐದು.

"ಕರೆಂಟ್ ಹೋತು ನೋಡ್ರಿ," ಎಂದಳು ಮುತ್ತವ್ವ, ನಿಂತ ಫ್ಯಾನಿನ ಕಡೆ ನೋಡಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ.

"ಸುಮ್ಮಕಿರ!"

ಏಳು, ಎಂಟು. ಕುಣಿಯೊಳಗೆ ತಂಪು, ಫ್ಯಾನು ತಿರುಗಿದರೇನು, ನಿಂತರೇನು. ಒಂಬತ್ತು, ಹತ್ತು, ಹನ್ನೊಂದು. ಆಗ ಪರದೆ ಒಮ್ಮೆ ಅದುರಿತು. ಸಮುದ್ರ77ನ ಇಪ್ಪತ್ತಾರು ಲಕ್ಷವೂ ನಡುವಿಗೆ ಬಂದು ಬಿದ್ದಿದ್ದವು. ಒಪ್ಪಿದರೆ ಬಾಬಣ್ಣನೂ ಇದ್ದದ್ದೆಲ್ಲ ಇಡಬೇಕು. ಕೆಳಗೆ ಹಸಿರು ಗೆರೆಯೊಂದು ಸವೆಯತೊಡಗಿತು. ಅದು ಮುಗಿಯುವುದರೊಳಗೆ ಹೇಳಬೇಕು.

"ಒಗೀ!" ಚಾಂದಸಾಬ ಹೊಸ್ತಿಲಿನಿಂದ ಎದ್ದೇಬಿಟ್ಟ. "ಒಗದ್ ಬಿಡೋ ಮಾರಾಯಾ! ಎರಡ ಲಕ್ಷ ಹೋತು, ಹತ್ತೊಂಬತ್ತ ಉಳೀತು. ಲಕ್ಕಿಮಾವಾನ ನೋಡು, ಸಾಯಾಕ ತಯಾರಾಗಿ ಕುಂತಾನ!"

"ಅಂವಾ ಸುಳ್ಳ ಹೇಳಾಕತ್ತಾನ, ಚಾಂದ್ಯಾ."

"ಹೇಳ್ಲಿ! ಸುಳ್ಳರ ಹೇಳ್ಲಿ, ಖರೇರ ಹೇಳ್ಲಿ. ನಿನಗೇನ ಅಂವನ ಕೂಡ ಬೀಗತಾನ ಮಾಡೋದೈತೇನು? ಮೂರನೇ ನಂಬರ್ ಸಾಕಲ್ಲೋ ನಿನಗ!"

ಮಾತು ಸರಿಯಿತ್ತು. ಸರಿಯಿದೆ ಎಂದು ಬಾಬಣ್ಣನಿಗೂ ಗೊತ್ತಿತ್ತು. ಏನೂ ಮಾಡದೆ ಕೂತರೆ ಕುಣಿ ಉಳಿಯುತ್ತದೆ. ಆದರೆ ಹನ್ನೊಂದು! ಮೂರು ಎಣಿಸುವಷ್ಟು ನಿಂತವನದು ಸಣ್ಣ ಸುಳ್ಳು, ಐದು ಎಣಿಸುವಷ್ಟು ನಿಂತವನದು ದೊಡ್ಡ ಸುಳ್ಳು. ಹನ್ನೊಂದು ಎಣಿಸುವಷ್ಟು ನಿಂತವನ ಮಗ್ಗದಲ್ಲಿ ಎಳೆಯೇ ಇಲ್ಲ, ಹಾಸೆಲ್ಲ ಹರಿದು ನೆಲಕ್ಕೆ ಬಿದ್ದಿದೆ. ಇವನನ್ನು ಹೊಡೆದರೆ ಒಂದನೆಯ ಬಹುಮಾನವೇ ಕೈಗೆ ಬಂದ ಹಾಗೆ. ಆ ಹಣಕ್ಕೆ ಖೋಲಿಯಷ್ಟೇ ಏಕೆ, ಹಿತ್ತಲನ್ನೂ ಕೊಂಡು ಶೆಡ್ಡಿಗೆ ಬೀಗ ಜಡಿಯಬಹುದು.

ಅದೂ ಅಲ್ಲ. ನಿಜವಾಗಿ ಅವನನ್ನು ತಡೆದದ್ದು ಬೇರೆ. ಮೂವತ್ತೆಂಟು ವರ್ಷ ಕಾಲು ಇಳಿಬಿಟ್ಟು ಕೂತದ್ದಕ್ಕೆ ಈ ಕುಣಿ ಅವನಿಗೆ ಹೊಲ ಕೊಡಲಿಲ್ಲ, ಬಂಗಾರ ಕೊಡಲಿಲ್ಲ, ಮೊಣಕಾಲಿಗೆ ಬೇನೆ ಕೊಟ್ಟಿತು, ಕಿವಿ ಕೊಟ್ಟಿತು. ಕಿವಿ ಹೇಳಿದ್ದನ್ನು ಇವತ್ತು ನಂಬದೆ ಎಲೆ ಎಸೆದರೆ, ಆಮೇಲೆ ಯಾವುದಕ್ಕಾಗಿ ಕುಣಿ ಉಳಿಸಿಕೊಳ್ಳುವುದು?

ಹಸಿರು ಗೆರೆ ಕೆಂಪಾಯಿತು.

"ಮುತ್ತಿ," ಎಂದ. "ನೀ ಏನಂತಿ?"

ಮೂವತ್ತು ವರ್ಷದಲ್ಲಿ ಅವನು ಅವಳನ್ನು ಹಾಗೆ ಕೇಳಿದ್ದು ಎರಡನೆಯ ಸಲವೋ ಏನೋ. ಮುತ್ತವ್ವ ಕೊಂಡಿಯ ಎಳೆ ಬಿಡದೆ ತಲೆಯೆತ್ತಿದಳು.

"ಆಟ ನನಗೇನ ತಿಳೀತೈತ್ರಿ. ಚಾಂದಣ್ಣ ಒಗಿ ಅಂದ್ರ ಒಗೀರಿ. ಇಷ್ಟ ದಿವಸ ಸುಮ್ಮನ ಕುಂತೇವಿ, ಇನ್ನೊಂದ ತಾಸ ಕುಂದರಾಕ ಏನಾಗೇತಿ?"

ಗೆರೆ ಉಗುರಿನಷ್ಟು ಉಳಿದಿತ್ತು. ಬಾಬಣ್ಣನ ಹೆಬ್ಬೆರಳು ಪರದೆಯ ಮೇಲೆ ಅಲ್ಲಿಂದಿಲ್ಲಿಗೆ ಎರಡು ಸಲ ಹೋಯಿತು. ಆಮೇಲೆ ಒತ್ತಿದ. ಕಾಲ್, ಅಂದರೆ ಒಪ್ಪಿದೆ.

ಎಲೆಗಳು ಮಗುಚಿದವು. ಇತ್ತ ಜೋಡಿ ಗುಲಾಮರು. ಅತ್ತ ಜೋಡಿ ರಾಜರು.

ನಡುವಿನ ಐದು ಎಲೆ ಬೀಳುವುದಕ್ಕೆ ಹಿಡಿದ ಹೊತ್ತಿನಲ್ಲಿ ಒಬ್ಬ ಮನುಷ್ಯ ಇಳಕಲ್ಲಿನಿಂದ ಹುನಗುಂದಕ್ಕೆ ನಡೆದು ಹೋಗಿ, ಚಾ ಕುಡಿದು, ತಿರುಗಿ ಬರಬಹುದಿತ್ತು. ಎರಡು ಬಂತು, ಒಂಬತ್ತು ಬಂತು, ರಾಣಿ ಬಂದಳು. ಐದು ಬಂತು. ಕಡೆಯದು ಮತ್ತೆ ಒಂಬತ್ತು. ಮೂರನೆಯ ಗುಲಾಮ ಬರಲಿಲ್ಲ. ನಾಲ್ಕನೆಯ ಸ್ಥಾನ, ಅಭಿನಂದನೆಗಳು, ಮೂವತ್ತೆರಡು ಸಾವಿರ ಎಂದು ಪರದೆಯ ಮೇಲೆ ಕಾಗದದ ಹೂವು ಉದುರಿದವು.

"ರಾಜಾ ಜೋಡಿ ಇಟಗೊಂಡ ಹನ್ನೊಂದರ ತನಕಾ ಯಾಕ ನಿಂತಾ?" ಬಾಬಣ್ಣ ಕೇಳಿದ್ದು ಯಾರನ್ನೋ. "ಯಾಕ ನಿಂತಾ ಅಂವಾ?"

ಚಾಂದಸಾಬ ಬಗ್ಗಿ, ಕಂಬಕ್ಕೆ ಕಟ್ಟಿದ್ದ ಮೊಬೈಲಿನ ಮೇಲಂಚನ್ನು ನೋಡಿದ. ಅಲ್ಲಿನ ಗುರುತು ಬದಲಾಗಿತ್ತು.

"ಅಂವಾ ನಿಂತಿಲ್ಲೋ, ಬಾಬಾ."

"ಮತ್ತ?"

"ನೆಟ್ ನಿಂತಿತ್ತು. ಶ್ರೀಧರನ ವೈಫೈ ಮ್ಯಾಲ ಆಡಾಕತ್ತಿದ್ದಿ. ಕರೆಂಟ್ ಹೋತು, ವೈಫೈ ಹೋತು. ನಿನ್ನ ಸಿಮ್ಮಿನ ನೆಟ್ ಹತ್ತಾಕ ಅಷ್ಟ ಹೊತ್ತ ಹಿಡೀತು. ಅಂವಾ ಯಾವಾಗೋ ತಳ್ಳಿ ಕುಂತಿದ್ದ."

"ಕರೆಂಟ್ ಹೋತು ಅಂದ್ನೆಲ್ರಿ ನಾ," ಎಂದಳು ಮುತ್ತವ್ವ. ದೂರುವ ದನಿಯಲ್ಲ. ಅವಳು ಹೆದರಿದ್ದಳು.

ಆರು ಪವರ್‌ಲೂಮುಗಳು ಒಂದೇ ಸಲ ಬಾಯಿ ಮುಚ್ಚಿದ್ದವು. ಓಣಿಯ ನಾಯಿಗೂ ಅದು ಗೊತ್ತಾಗಿತ್ತು. ಗುಡೂರಿನ ಎಳೆ ಕೇಳುವ ಕಿವಿಗೆ, ಹತ್ತು ಮೊಳ ಆಚೆಯ ಶೆಡ್ಡು ಮೌನವಾದದ್ದು ಕೇಳಲಿಲ್ಲ. ಹನ್ನೆರಡು ವರ್ಷ ಸದ್ದನ್ನೇ ಕೇಳದವನಿಗೆ ಸದ್ದು ನಿಂತದ್ದು ಹೇಗೆ ಕೇಳೀತು?

ಮೊಬೈಲಿನಲ್ಲಿ ಆಟ ಮುಂದುವರಿದಿತ್ತು. ಲಕ್ಕಿಮಾವಾ ಮರು ಆಟಕ್ಕೇ ಸತ್ತ. ಆದರೆ ಮೂರನೆಯವನಾಗಿ ಸತ್ತ, ಒಂದೂವರೆ ಲಕ್ಷ ಎಣಿಸಿಕೊಂಡು. ಚಾಂದಸಾಬ ಅದನ್ನು ನೋಡಿ ಮೊಬೈಲನ್ನು ಕಂಬದಿಂದ ಬಿಚ್ಚಿ ಬೋರಲು ಹಾಕಿದ.

ಅಷ್ಟರಲ್ಲಿ ಕರೆಂಟ್ ಬಂತು. ಹಿತ್ತಲಿನ ಆರೂ ಯಂತ್ರಗಳು ಒಟ್ಟಿಗೆ ಶುರುವಾದವು. ಬಾಬಣ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಕುಣಿಯಲ್ಲಿ ಕೂತವನು ಹಾಗೆಯೇ ಕೆಳಗೆ ಕೆಳಗೆ ಸರಿದು, ತಲೆ ಮಾತ್ರ ಕಾಣುವಷ್ಟಾದ. "ಎಷ್ಟ ಸಪ್ಪಳೋ ಇದು," ಎಂದ. "ಎಷ್ಟ ಸಪ್ಪಳ. ಇಷ್ಟ ದಿವಸ ಹ್ಯಾಂಗ ಇದ್ದೇವು?"

ಶ್ರೀಧರನನ್ನು ಆ ಸಂಜೆ ಮುತ್ತವ್ವನೇ ಕಂಡಳು. ಮೂವತ್ತೆರಡು ಸಾವಿರದ ಮಾತು ಹೇಳಿದಳು, ಉಳಿದದ್ದಕ್ಕೆ ಮೂರು ತಿಂಗಳು ಕೇಳಿದಳು. ಶ್ರೀಧರ ತಲೆ ತಗ್ಗಿಸಿಕೊಂಡು, "ವೈನಿ, ಗುರುವಾರ ಮಷೀನ್ ಬರ್ತಾವ. ಎಲ್ಲಿ ಇಳಸ್ಲಿ?" ಎಂದ.

ಸೋಮವಾರ ಗುಡೂರಿನ ಕಡೆಯ ಟ್ರ್ಯಾಕ್ಟರ್ ಮಣ್ಣು ತಂದು ಬಾಗಿಲಿಗೆ ಸುರಿಯಿತು. ಬಾಬಣ್ಣ ಎದ್ದು ಮೇಲೆ ಬಂದ. ಓಣಿಯವರು ಅವನ ಕಾಲು ನೋಡಿದರು. ಒಂದು ಟ್ರ್ಯಾಕ್ಟರ್ ಸಾಕು ಅಂದುಕೊಂಡದ್ದು ಸಾಕಾಗಲಿಲ್ಲ, ಎರಡು ಹಾಕಿದರೂ ಕುಣಿ ಬಾಯಿ ತೆರೆದೇ ಇತ್ತು, ಮೂರನೆಯದರಲ್ಲಿ ತುಂಬಿತು ಎನ್ನುತ್ತಾರೆ. ಮೂವತ್ತೆಂಟು ವರ್ಷದ ಆಳ. ಮುತ್ತವ್ವ ಅರ್ಧ ಕೊಂಡಿ ಹಾಕಿದ ನೂಲನ್ನು ಸುತ್ತಿ, ಹಳೆಯ ಸೀರೆಯಲ್ಲಿ ಕಟ್ಟಿ, ಅಟ್ಟದ ಮೇಲಿಟ್ಟಳು.

ಈಗ ಬಾಬಣ್ಣ ತಮ್ಮನ ಎಂಟು ಮಷೀನು ನೋಡಿಕೊಳ್ಳುತ್ತಾನೆ. ಎರಡು ನಿಂತಿರುವುದು ಆ ಕುಣಿಯ ಮೇಲೆಯೇ. ಸದ್ದು ಬೆಳಗಿನಿಂದ ಸಂಜೆಯವರೆಗೂ ಅವನಿಗೆ ಕೇಳುತ್ತದೆ, ಒಂದೊಂದು ಯಂತ್ರದ್ದೂ ಬೇರೆ ಬೇರೆ. ಆಗಾಗ ಕರೆಂಟ್ ಹೋಗಿ ಎಂಟೂ ಒಟ್ಟಿಗೆ ನಿಲ್ಲುತ್ತವೆ. ಉಳಿದವರು ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ. ಬಾಬಣ್ಣ ನಿಂತಲ್ಲೇ ನಿಂತು ತುಟಿ ಅಲ್ಲಾಡಿಸುತ್ತ ಎಣಿಸುತ್ತಾನೆ. ಒಂದು, ಎರಡು, ಮೂರು. ಹನ್ನೊಂದಕ್ಕೆ ಬಂದು ನಿಲ್ಲುತ್ತಾನೆ. ಕರೆಂಟ್ ಬರುವುದು ಎಷ್ಟೇ ತಡವಾಗಲಿ, ಅಲ್ಲಿಂದ ಮುಂದೆ ಎಣಿಸುವುದಿಲ್ಲ.