ಹಾಡು ಹಚ್ಚಿದ ಟ್ರ್ಯಾಕ್ಟರಿನ ಮೇಲೆ ನಾನು

...ತಲೆ ಖಾಲಿ ಇದ್ದವರೇ ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗಿ ಹಚ್ಚುತ್ತಾರೆ ಎಂದೋ ಏನೋ ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಕೇಳಿಸಿಕೊಂಡ ಗೆಳೆಯರು ದಯವಿಟ್ಟು ಮರೆತುಬಿಡಿ.

ಇವತ್ತು ನಮ್ಮ ಡ್ರೈವರ್ ಮಲ್ಲಪ್ಪ ಮಗಳ ತೊಟ್ಟಿಲ ಕಾರ್ಯಕ್ಕೆಂದು ಅಲಖನೂರಿಗೆ ಹೋಗಿದ್ದ. ಕಡಿದ ಕಬ್ಬು ಒಣಗುತ್ತಿತ್ತು, ಕಾರ್ಖಾನೆಯಲ್ಲಿ ನಮ್ಮ ಪಾಳಿ ಇವತ್ತೇ. ನೌಕರಿ ಸೇರಿದ ಮೇಲೆ ಕಾರು ಬಿಟ್ಟು ಬೇರೇನನ್ನೂ ಮುಟ್ಟದ ನಾನೇ ಟ್ರ್ಯಾಕ್ಟರ್ ಹತ್ತಿದೆ. ಹಾಡಿಲ್ಲದೆ, ಗಂಭೀರವಾಗಿ.

ಕಬ್ಬೂರ ದಾಟಿದರೆ ರಸ್ತೆ ತುಂಬ ಕುರಿ. ಹಾರ್ನಿಗೆ ಒಂದೂ ಅಲುಗಲಿಲ್ಲ. ಕುರಿ ಕಾಯುವ ಅಜ್ಜಿ ಹತ್ತಿರ ಬಂದಳು.

"ಹಾಡ ಹಚ್ಚರಿ ಸಾಹೇಬ್ರ. ಹಾರ್ನ್ ಕಾರಿನವ್ರೂ ಹೊಡೀತಾರ, ಅದಕ್ಕ ಇವು ಕಿಮ್ಮತ್ ಕೊಡಂಗಿಲ್ಲ."

ಹಚ್ಚಿದೆ. ಎದೆ ನಡುಗುವಂಥ ಮರಾಠಿ ಹಾಡು. ಕುರಿಗಳು ಎರಡು ಪಾಲಾಗಿ ದಾರಿ ಬಿಟ್ಟವು.

"ಇನ್ನ ಬಂದ್ ಮಾಡ್ಲೇನ ಆಯಿ?"

"ಯಾಕ್ರಿ, ಛಲೋ ಐತಲ್ಲ."

ಬಂದ್ ಮಾಡಲಿಲ್ಲ. ಕಾರ್ಖಾನೆಯ ಗೇಟಿನವರೆಗೂ ನನ್ನ ಬೆರಳುಗಳು ನನ್ನನ್ನು ಕೇಳದೆ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದವು. ಎದುರಿಗೆ ಬಂದ ಬಿಳಿ ಕಾರಿನವನೊಬ್ಬ ಮುಖ ಗಂಟು ಹಾಕಿ ಗಾಜು ಏರಿಸಿಕೊಂಡ. ನಿನ್ನೆಯವರೆಗೆ ಅದು ನನ್ನ ಮುಖವಾಗಿತ್ತು.

ಮಲ್ಲಪ್ಪ, ಕೂಸಿನ ಜೊತೆ ಇನ್ನೆರಡು ದಿನ ಇದ್ದು ಬರಬಾರದೇನೋ?