ಗೂಳಿಯೋ, ಎಮ್ಮೆಯೋ

ನಮ್ಮ ಭಾವ ಪಿಕಪ್ ಗಾಡಿ ಕೊಳ್ಳಲು ಹೊರಟು ತಿಂಗಳ ಮೇಲಾಗಿತ್ತು. ಇನ್ನೂ ಹೊರಟೇ ಇದ್ದರು. ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ಗಾಡಿ ಕೊಂಡು, ಎಲ್ಲಾದರೂ ತಾಗಿಸಿ, ಹೆಂಡತಿಯಿಂದ ಬೈಸಿಕೊಂಡೂ ಆಗಿರುತ್ತಿತ್ತು. ಇವರದು ಮಾತ್ರ ಅಳೆದೂ ಸುರಿದೂ ಮುಗಿಯಲೇ ಇಲ್ಲ. ನಾನು ದರ್ಜಿ, ಅಳತೆ ತೆಗೆದ ಮೇಲೆ ಕತ್ತರಿ ಹಾಕಲೇಬೇಕು ಎಂದು ನಂಬಿದವನು. ಸುಮ್ಮನೆ ಅಳೆಯುತ್ತಲೇ ಇರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಭಾವನನ್ನು ಎಲ್ಲರೂ ಕರೆಯುವುದು ಗ್ಲಾಸಣ್ಣ ಎಂದು. ಗಾಜಿನ ಮಂಡಿಯಿಂದ ಕಿಟಕಿ ಗಾಜು, ಕನ್ನಡಿ, ಅಂಗಡಿಗಳ ಮುಂದೆ ಕೂರಿಸುವ ಆಳೆತ್ತರದ ಗಾಜು ಇವನ್ನೆಲ್ಲ ಕಟ್ಟಡಗಳಿಗೆ ಮುಟ್ಟಿಸುವುದು ಅವರ ಕಸುಬು. ಮೊದಲು ಅದೇ ಮಂಡಿಯಲ್ಲಿ ಗಾಜು ಹೊರುವ ಆಳಾಗಿದ್ದರು. ಆಮೇಲೆ ಸಾಹುಕಾರರ ಗಾಡಿಗೆ ಡ್ರೈವರಾದರು. ಅದಾದ ಮೇಲೆ ಒಂದು ಹಳೆಯ ಪಿಕಪ್ ಕೊಂಡು ತಾವೇ ಯಜಮಾನರಾದರು. ಹೊತ್ತೂ ಹೊತ್ತೂ ಅವರ ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿದೆ. ಅಂಗಿ ಹೊಲಿಯುವಾಗ ಅದು ಗೊತ್ತಾಗದಿರಲಿ ಎಂದು ನಾನು ಆ ಭುಜದ ಒಳಗೆ ಒಂದು ಮಡಿಕೆ ಬಟ್ಟೆ ಇಟ್ಟು ಹೊಲಿಯುತ್ತೇನೆ. ಅಂಗೈ ತುಂಬ ಹಳೆಯ ಗಾಯಗಳ ಬಿಳಿ ಗೆರೆಗಳು. ಅಷ್ಟು ಗಾಯ ತಿಂದರೂ ಗಾಡಿಯಲ್ಲಿಟ್ಟ ಗಾಜನ್ನು ಒಂದು ದಿನವೂ ಒಡೆದವರಲ್ಲ. "ಗಾಜನ್ನ ಮಲಗಿಸಿದ್ರೆ ಸಾಯತ್ತೆ, ನಿಲ್ಲಿಸಿದ್ರೆ ಬದುಕತ್ತೆ" ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಗಾಡಿಯಲ್ಲಿ ಒಂದು ಇಳಿಜಾರು ಮರದ ಚೌಕಟ್ಟು ಕಟ್ಟಿಸಿ, ಗೋಣಿಪಟ್ಟೆ ಹೊದಿಸಿ, ಗಾಜುಗಳನ್ನು ಅದಕ್ಕೆ ಒರಗಿಸಿ ನಿಲ್ಲಿಸಿಯೇ ಸಾಗಿಸುತ್ತಿದ್ದರು.

ಅಂಥವರು ಒಂದು ಮಧ್ಯಾಹ್ನ ಹೊಸ ಮನೆಯೊಂದರ ಗೇಟಿನೊಳಕ್ಕೆ ತಿರುಗಿಸುವಾಗ ಗಾಡಿಯ ಎಡಮೈಯನ್ನು ಕಂಬಕ್ಕೆ ಗುದ್ದಿಸಿದರು. ಇಡೀ ಲೋಡು ಪುಡಿ. ಮನೆಗೆ ಬಂದವರು "ಅಜ್ಜಿ ಕೈ ಕೊಟ್ಲು" ಎಂದರು. ಅಜ್ಜಿ ಅಂದರೆ ಆ ಹಳೆಯ ಪಿಕಪ್ಪು. ಸ್ಟೇರಿಂಗ್ ಎಳೀತಿತ್ತು, ಬ್ರೇಕ್ ಹಿಡೀಲಿಲ್ಲ, ಇನ್ನು ಇದನ್ನ ನಂಬೋ ಹಾಗಿಲ್ಲ ಎಂದು ವಾರದೊಳಗೆ ಮಾರಿಯೂ ಬಿಟ್ಟರು. ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ, "ಅಣ್ಣಾ, ಇದಕ್ಕೇನಾಗಿದೆ? ನಿನಗಿಂತ ಗಟ್ಟಿಯಾಗಿದೆ" ಎಂದಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೂ ಒಂದು ಮಾತು ಚುಚ್ಚಿದೆ. ಭಾವ ನಗಲಿಲ್ಲ, ಬೈಯಲೂ ಇಲ್ಲ. ಅಜ್ಜಿಯನ್ನು ಕೊಂಡ ಇಟ್ಟಿಗೆ ವ್ಯಾಪಾರಿ ದಿನಾ ನನ್ನ ಅಂಗಡಿ ಮುಂದೆಯೇ ತುಂಬಿದ ಲೋಡು ಹಾಕಿಕೊಂಡು ಹಾರ್ನ್ ಹೊಡೆದು ಹೋಗುತ್ತಿದ್ದ.

ಹೊಸ ಗಾಡಿಗೆ ಎರಡೇ ಆಯ್ಕೆ ಉಳಿದವು. ಹೆದ್ದಾರಿಯಲ್ಲಿ ಎದುರುಬದುರು ಎರಡು ಶೋರೂಮು, ಎರಡು ಕಂಪನಿ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಈ ಕಡೆಯ ಗಾಡಿ ಎತ್ತರ, ಉದ್ದ ಮೂತಿ, ಎಂಥ ಏರನ್ನೂ ಗುಟುರು ಹಾಕಿಕೊಂಡು ಹತ್ತುತ್ತದೆ. ಅದಕ್ಕೆ ನಾನು ಗೂಳಿ ಎಂದು ಹೆಸರಿಟ್ಟೆ. ಆ ಕಡೆಯದು ಕುಳ್ಳು, ಮೋಟು ಮೂತಿ, ಏರಿನಲ್ಲಿ ಏದುಸಿರು, ಆದರೆ ಸ್ಪ್ರಿಂಗು ಮೆತ್ತಗೆ, ಡೀಸೆಲ್ ಕುಡಿಯುವುದು ಕಡಿಮೆ, ಅದು ಎಮ್ಮೆ. ಮೆಕ್ಯಾನಿಕ್ ಗೂಳಿ ಎಂದ. ಮಂಡಿಯ ಸಾಹುಕಾರರು ಎಮ್ಮೆ ಎಂದರು. ಭಾವ ಬೆಳಿಗ್ಗೆ ಗೂಳಿ ಎನ್ನುವರು, ಸಂಜೆ ಎಮ್ಮೆ ಎನ್ನುವರು. ಪ್ರತಿ ಸಲವೂ ನನ್ನ ಅಂಗಡಿ ಮುಚ್ಚಿಸಿ ಜೊತೆಗೆ ಎಳೆದುಕೊಂಡು ಹೋಗುತ್ತಿದ್ದರು. ಒಂಟಿಯಾಗಿ ರಸ್ತೆ ದಾಟಲು ಏನು ಕಷ್ಟವೋ ಎಂದು ನಾನು ಗೊಣಗುತ್ತಿದ್ದೆ.

ಅವರ ಪರೀಕ್ಷೆಯೂ ವಿಚಿತ್ರ. ಸ್ಟೇರಿಂಗ್ ಹಿಡಿಯಲೊಲ್ಲರು. "ನೀವೇ ಓಡ್ಸಿ, ನಾನು ಹಿಂದೆ ಕೂರ್ತೀನಿ" ಎಂದು ಶೋರೂಮಿನವನಿಗೆ ಹೇಳಿ, ಮಂಡಿಯಿಂದ ತಂದ ಒಂದು ಗಾಜಿನ ತುಂಡನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಗಾಡಿಯ ಹಿಂದಿನ ತೊಟ್ಟಿಯಲ್ಲಿ ಕೂರುವರು. ಗಾಡಿ ಹಳ್ಳಕ್ಕೆ ಇಳಿದು ಎದ್ದಾಗ ಗಾಜಿಗೆ ಅಂಗೈ ಒತ್ತಿ ಅದರ ನಡುಕ ನೋಡುವರು. ಎರಡೂ ಶೋರೂಮಿನವರು ಬೆರಗಾದರು. "ಸಾರ್, ಇಷ್ಟು ವರ್ಷದಲ್ಲಿ ಇಂಥ ಟೆಸ್ಟ್ ಡ್ರೈವ್ ನೋಡಿಲ್ಲ" ಎಂದ ಎಮ್ಮೆ ಕಡೆಯವನು, ಪಕ್ಕದಿಂದ ಕೈ ಚಾಚಿದ. ಭಾವ ಕೈ ಕೊಡದೆ ನೆಟ್ಟಗೆ ನೋಡಿಕೊಂಡು ನಡೆದರು. ಪಾಪ, ಅವನ ಮುಖ ಸಣ್ಣದಾಯಿತು. ಬೆಲೆ ಇಳಿಸಲು ಹೂಡಿದ ಬಿಗುಮಾನ ಇರಬೇಕು ಎಂದುಕೊಂಡು ನಾನು ಒಳಗೊಳಗೇ ಮೆಚ್ಚಿದೆ.

ಅಷ್ಟರಲ್ಲಿ ಸಾಹುಕಾರರು ಮಾತು ತೆಗೆದರು. ಒಂದು ದೊಡ್ಡ ಕಟ್ಟಡದ ಗಾಜೆಲ್ಲ ಅವರಿಗೇ ಬಂದಿತ್ತು. "ಸೋಮವಾರ ಬೆಳಿಗ್ಗೆ ನಿನ್ನ ಗಾಡಿ ಮಂಡಿ ಮುಂದೆ ಇರ್ಬೇಕು ಗ್ಲಾಸಣ್ಣ. ಇಲ್ದಿದ್ರೆ ಬೇರೆಯವರಿಗೆ ಹೇಳ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡ." ಕೆಟ್ಟ ಮನುಷ್ಯನಲ್ಲ, ಆದರೆ ಮಂಡಿಯ ಕೆಲಸ ಒಮ್ಮೆ ಬೇರೆಯವರ ಕೈಗೆ ಹೋದರೆ ಮರಳಿ ಬರುವುದಿಲ್ಲ. ಅಕ್ಕ ನನ್ನ ಅಂಗಡಿಯಲ್ಲಿ ಗುಂಡಿ ಕಟ್ಟಿ, ಅಂಚು ಹೊಲಿದು ಸಂಪಾದಿಸುವುದು ಉಪ್ಪು ಎಣ್ಣೆಗಾಗುತ್ತದೆ ಅಷ್ಟೆ. ಮನೆ, ಹಾಸ್ಟೆಲಿನಲ್ಲಿರುವ ಮಗಳ ಓದು ಎಲ್ಲವೂ ಆ ಗಾಜಿನ ಲೋಡಿನ ಮೇಲೆ ನಿಂತಿದ್ದವು.

ಶುಕ್ರವಾರ ಮತ್ತೆ ಗೂಳಿಯ ಸವಾರಿ. ಭಾವ ಗಾಜು ಹಿಡಿದು ಕೂತಿದ್ದರು, ನಾನು ಅವರ ಹಿಂದೆ. ಕಿರಿದಾದ ರಸ್ತೆಯೊಂದರಲ್ಲಿ ಎಡಗಡೆಯಿಂದ ಮರದ ಕೊಂಬೆಯೊಂದು ಚಾಚಿತ್ತು. ನಾನು ಬಗ್ಗಿದೆ, ಕೂಗಿದೆ. ಭಾವ ಕಂಬದ ಹಾಗೆ ನೆಟ್ಟಗೇ ಇದ್ದರು. ಕೊಂಬೆ ಕೆನ್ನೆಯಿಂದ ಕಿವಿಯವರೆಗೆ ಗೀರಿಕೊಂಡು ಹೋಯಿತು, ರಕ್ತ ಬಂತು.

"ಕಾಣ್ಲಿಲ್ವಾ ಭಾವ?"

"ಗಾಜು ನೋಡ್ತಿದ್ದೆ ಕಣೋ."

ಅವರು ಗಾಜು ನೋಡುತ್ತಿರಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು, ಅದರ ತುದಿಯನ್ನು ಅವರ ಕಿವಿಯ ಪಕ್ಕ ಆಡಿಸಿದೆ. ಕಣ್ಣು ಮಿಟುಕಲಿಲ್ಲ. ಇನ್ನೂ ಮುಂದಕ್ಕೆ ತಂದೆ, ಕೆನ್ನೆಯ ಎದುರಿಗೆ ತಂದೆ. ಮೂಗಿನ ಹತ್ತಿರ ಬಂದಾಗ ಬೆಚ್ಚಿಬಿದ್ದು, "ಏನೋ ಅದು?" ಎಂದರು. ಕೈ ನೀಡಿದವನ ಸಣ್ಣಗಾದ ಮುಖ, ರಸ್ತೆ ದಾಟಲು ನನ್ನನ್ನು ಕರೆಯುತ್ತಿದ್ದದ್ದು, ಗೇಟಿನ ಕಂಬ ಎಲ್ಲವೂ ಒಮ್ಮೆಗೇ ನನಗೆ ತಿಳಿದುಹೋಯಿತು.

"ಯಾವಾಗಿಂದ ಭಾವ?" ಎಂದೆ.

ಭಾವ ಕೆನ್ನೆಯ ರಕ್ತ ಒರೆಸಿಕೊಂಡರು. ಆಮೇಲೆ ಹೇಳಿದರು. "ಕಿಟಕಿಗೆ ಎರಡೂ ಕಡೆಯಿಂದ ಪರದೆ ಎಳೀತಾ ಬಂದ ಹಾಗೆ ಕಣೋ. ಎದುರಿಗಿರೋದು ಚೆನ್ನಾಗೇ ಕಾಣತ್ತೆ, ಅದಕ್ಕೇ ಗೊತ್ತೇ ಆಗ್ಲಿಲ್ಲ. ಆ ಕಂಬ ನನ್ನ ಪಾಲಿಗೆ ಅಲ್ಲಿ ಇರ್ಲೇ ಇಲ್ಲ. ಆಮೇಲೆ ಕಣ್ಣಿನ ಡಾಕ್ಟರ್ ಹತ್ರ ಹೋದೆ. ಹೋಗಿರೋದು ಬರಲ್ಲ, ಹನಿ ಹಾಕ್ಕೊಂಡು ಉಳಿದಿದ್ದನ್ನ ಕಾಪಾಡ್ಕೋ, ಇನ್ನು ಗಾಡಿ ಓಡಿಸ್ಬೇಡ ಅಂದ್ರು. ಅಷ್ಟರಲ್ಲಿ ಅಜ್ಜಿ ಮೇಲೆ ತಪ್ಪು ಹೊರಿಸಿ ಮಾರಿಯಾಗಿತ್ತು."

"ಮತ್ತೆ ಈ ಗೂಳಿ, ಎಮ್ಮೆ? ಯಾಕೆ ಈ ಸುತ್ತಾಟ?"

"ಯಾವುದು ತಗೊಳ್ಳಲಿ ಅಂತ ನೋಡ್ತಾ ಇರೋ ತನಕ ನಾನು ಡ್ರೈವರ್ ಕಣೋ. ತಗೊಂಡ ದಿನ ಏನಾಗ್ತೀನಿ ಹೇಳು?"

ಡ್ರೈವರನ್ನು ಇಟ್ಟುಕೊಂಡರೆ ಆ ಕೆಲಸ ಎರಡು ಸಂಸಾರ ಸಾಕುವಷ್ಟಿಲ್ಲ. ನನಗೆ ಓಡಿಸಲು ಬರುತ್ತಿದ್ದರೆ ಸರಿ. ಹುಟ್ಟುತ್ತಲೇ ಒಂದು ಕಾಲು ಗಿಡ್ಡ, ಹೊಲಿಗೆ ಯಂತ್ರದ ಪೆಡಲ್ಲನ್ನೇ ಒಂಟಿ ಕಾಲಲ್ಲಿ ತುಳಿಯುವವನು. "ನಿಮ್ಮಕ್ಕಂಗೆ ಹೇಳ್ಬೇಡ" ಎಂದು ಭಾವ ನನ್ನ ಕೈ ಹಿಡಿದುಕೊಂಡರು. ಹೇಳದೆ ಬಂದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮರುದಿನ ಅಕ್ಕ ಎದುರಿಗೆ ಕೂತು ಗುಂಡಿ ಕಟ್ಟುತ್ತಿದ್ದರೆ ನಾನು ಯಾರದೋ ಪ್ಯಾಂಟಿನ ಎರಡೂ ಕಾಲನ್ನು ಒಂದಕ್ಕೊಂದು ಸೇರಿಸಿ ಹೊಲಿದಿದ್ದೆ.

ಭಾನುವಾರ ಭಾವ ಹೊಸ ಅಂಗಿ ಹಾಕಿಕೊಂಡು ಬಂದರು. "ಎಮ್ಮೇನೇ ಸರಿ. ಇವತ್ತು ನಾನೇ ಓಡ್ಸಿ ನೋಡ್ತೀನಿ. ಮಂಡಿಯಿಂದ ಆ ಕಟ್ಟಡಕ್ಕೆ ನೇರ ರಸ್ತೆ, ನಿಧಾನಕ್ಕೆ ಹೋದ್ರಾಯ್ತು." ಆ ನೇರ ರಸ್ತೆಯಲ್ಲಿ ಎರಡು ಶಾಲೆಗಳಿವೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸೂಜಿ ಕೆಳಗಿಟ್ಟು, "ನಾನೂ ಬರ್ತೀನಿ" ಎಂದಳು. ಗಾಡಿ ವಿಷಯಕ್ಕೆ ತಲೆ ಹಾಕಿದವಳೇ ಅಲ್ಲ ಅವಳು. ದಾರಿಯುದ್ದಕ್ಕೂ ನಾವು ಮೂವರೂ ಹವೆಯ ಬಗ್ಗೆ ಮಾತಾಡಿದೆವು.

ಶೋರೂಮಿನ ಹಿಂದೆ ಗಾಡಿಗಳನ್ನು ನಿಲ್ಲಿಸುವ ಬಯಲು. ಶೋರೂಮಿನವನು ಕೀ ಕೊಟ್ಟು, ಏನೋ ಕಾಗದ ತರಲು ಒಳಗೆ ಹೋದ. ಭಾವ ಹತ್ತಿ ಕೂತರು. ಸೀಟು ಹಿಂದಕ್ಕೆ ಸರಿಸಿ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ಕೂತಾಗ ಅವರ ಮುಖದಲ್ಲಿ ಎಂಥ ಕಳೆ ಬಂತೆಂದರೆ, ಹೋಗಲಿ ಬಿಡು, ದೇವರು ಕಾಯುತ್ತಾನೆ ಎಂದು ನನಗೂ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಎಂಜಿನ್ ಹೊತ್ತಿಕೊಂಡಿತು.

ಅಕ್ಕ ನನ್ನ ಪಕ್ಕ ಇರಲಿಲ್ಲ. ತಿರುಗಿ ನೋಡಿದರೆ ಗಾಡಿಯ ಎಡ ಮೂಲೆಯಲ್ಲಿ, ಮುಂದಿನ ಚಕ್ರಕ್ಕೆ ಒಂದು ಮಾರು ದೂರದಲ್ಲಿ, ಸೆರಗು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಗಾಜಿನ ಆಚೆಗಿದ್ದ ಗಂಡನ ಮುಖವನ್ನೇ ನೋಡುತ್ತಿದ್ದಳು. ಭಾವ ಎದುರಿಗೆ ನೋಡಿದರು, ಬಲಕ್ಕೆ ತಿರುಗಿ ನೋಡಿದರು, ಎಡಕ್ಕೂ ಒಂದಿಷ್ಟು ಕತ್ತು ಹೊರಳಿಸಿದರು. ಹಾರ್ನ್ ಮಾಡಲಿಲ್ಲ. ಗೇರ್ ಹಾಕಿ, ಸ್ಟೇರಿಂಗನ್ನು ಅಕ್ಕ ನಿಂತ ಕಡೆಗೇ ತಿರುಗಿಸಿದರು. ಗಾಡಿ ಚಲಿಸಿತು. ಅಕ್ಕ ಅಲುಗಲಿಲ್ಲ.

"ಭಾವಾ!" ಎಂದು ನಾನು ಕಿರುಚಿದ ಕಿರುಚಿಗೆ ಗಾಡಿ ಜಗ್ಗಿ ನಿಂತು, ಎಂಜಿನ್ ಆರಿಹೋಯಿತು. ಬಂಪರು ಅಕ್ಕನ ಸೀರೆಯ ನಿರಿಗೆಗೆ ತಾಗಿತ್ತು.

ಅವಳು ಸುತ್ತಿಕೊಂಡು ಬಂದು ಬಾಗಿಲ ಹತ್ತಿರ ನಿಂತಳು. "ನಾನಲ್ಲೇ ನಿಂತಿದ್ದೆ. ಕಾಣ್ಲಿಲ್ಲ ಅಲ್ವಾ?"

ಭಾವ ಎರಡೂ ಕೈಯನ್ನು ಸ್ಟೇರಿಂಗಿನಿಂದ ತೆಗೆದರು.

"ಊಟಕ್ಕೆ ಬಡಿಸುವಾಗ ಪಕ್ಕದಲ್ಲೇ ಕೂತಿದ್ರೂ 'ಎಲ್ಲಿದೀಯೇ' ಅಂತ ಒಳಗೆ ಕೂಗ್ತೀರಿ. ನನಗೆ ಗೊತ್ತಾಗಲ್ವಾ? ನೀವಾಗೇ ಹೇಳ್ತೀರಿ ಅಂತ ಕಾದೆ, ಕಾದೆ. ಇವತ್ತು ಕೀ ತಗೊಂಡ್ರಿ. ನನ್ನ ಮೇಲೇ ಹತ್ತಿಸಿದ್ರೂ ಪರವಾಗಿಲ್ಲ, ಬೇರೆ ಯಾರ ಮೇಲೂ ಬೇಡ ಅಂತ ನಿಂತೆ."

ಭಾವ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು. ಗಾಜು ಹೊತ್ತು ಕೈ ಸೀಳಿದಾಗಲೂ ಅತ್ತವರಲ್ಲ. ಅಕ್ಕನೂ ಅತ್ತಳು. ನಾನು ಬೇಲಿ ಕಡೆ ಮುಖ ಮಾಡಿ ನಿಂತೆ, ನನ್ನ ಕಣ್ಣಿಗೂ ಏನೂ ಕಾಣುತ್ತಿರಲಿಲ್ಲ.

ಆಮೇಲೆ ಭಾವ ಕೆಳಗಿಳಿದು ಸಾಹುಕಾರರಿಗೆ ಫೋನ್ ಮಾಡಿದರು. "ನಾಳೆ ಬರಲ್ಲ ಸಾಹುಕಾರ್ರೇ. ನನ್ನ ಕಣ್ಣು ಹೋಗಿದೆ." ಆ ಮಾತನ್ನು ಹೊರಗಿನವರಿಗೆ ಅವರು ಹೇಳಿದ್ದು ಅದೇ ಮೊದಲು. ದೊಡ್ಡ ಕೆಲಸ ಬೇರೆಯವರಿಗೆ ಕೊಡುತ್ತೇನೆ, ಸಣ್ಣಪುಟ್ಟದ್ದು ಮುಂದೆ ನೋಡೋಣ ಎಂದರಂತೆ. ನೋಡೋಣ ಎಂದು ಹೇಳಿ ಹೋದ ಎಷ್ಟು ಗಿರಾಕಿಗಳು ನನ್ನ ಅಂಗಡಿಗೆ ಮರಳಿ ಬಂದಿದ್ದಾರೆ ಎಂಬುದು ನನಗೆ ಗೊತ್ತಿದೆ.

ಫೋನ್ ಜೇಬಿಗಿಟ್ಟ ಭಾವ ನನ್ನನ್ನು ಕೇಳಿದರು. "ನಿಮ್ಮಕ್ಕನ ಕಾಲಿನ ಅಳತೆ ಎಷ್ಟೋ?"

ನನಗೆ ಅರ್ಥವಾಗುವ ಮೊದಲೇ ಅಕ್ಕನಿಗೆ ಅರ್ಥವಾಯಿತು. "ಅಯ್ಯೋ, ನನ್ನ ಕೈಲಾಗಲ್ಲಾರೀ. ಸೈಕಲ್ ಕೂಡ ಹತ್ತಿದವಳಲ್ಲ ನಾನು."

"ನನಗೂ ಆಗಲ್ಲ ಕಣೇ" ಎಂದರು ಭಾವ. "ಇಬ್ಬರ ಕೈಲೂ ಆಗಲ್ಲ ಅಂದ್ರೆ ಮನೆ ಹೇಗೆ ನಡಿಯತ್ತೆ? ಸುಮ್ನೆ ಕೂತು ನೋಡು."

ಗೂಳಿಯಾದರೆ ಅದನ್ನು ಹತ್ತಲೇ ಅಕ್ಕನಿಗೆ ಏಣಿ ಬೇಕಿತ್ತು. ಎಮ್ಮೆಯನ್ನು ನನ್ನ ಭುಜ ಹಿಡಿದು ಹತ್ತಿದಳು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ನನ್ನ ಕೋಟನ್ನು ಮಡಿಸಿ ಬೆನ್ನಿಗಿಟ್ಟ ಮೇಲೆ ಕ್ಲಚ್ಚು ಎಟುಕಿತು. ತಿಂಗಳ ಹೋಲಿಕೆ ಮುಗಿದದ್ದು ಅಷ್ಟರಲ್ಲಿ. ಸಂತೋಷಪಡುವಂಥದ್ದೇನೂ ಇರಲಿಲ್ಲ. ಕಲಿಯುವುದು ಯಾವಾಗ, ಲೈಸೆನ್ಸ್ ಯಾವಾಗ, ಅಲ್ಲಿಯವರೆಗೆ ಹೊಟ್ಟೆಗೇನು, ಇದೆಲ್ಲ ಇನ್ನು ನೋಡಬೇಕಿತ್ತು.

ಭಾವ ಗಾಡಿಯ ಮೈಗೆ ಅಂಗೈ ಊರಿ ಸವರಿಕೊಂಡು ಹಿಂದಕ್ಕೆ ನಡೆದರು. "ಕನ್ನಡಿ ನೋಡು. ಕಾಣ್ತೀನಾ?"

"ಕಾಣ್ತೀರಿ."

ಇನ್ನೊಂದಿಷ್ಟು ನಡೆದರು. "ಈಗ?"

"ಕಾಣ್ತೀರಿ."

"ಈಗ?"

ಅಕ್ಕ ಒಂದು ಕನ್ನಡಿ ನೋಡಿದಳು, ಇನ್ನೊಂದು ನೋಡಿದಳು. "ಇಲ್ಲಾರೀ. ಎಲ್ಲಿದೀರಿ?"

"ಇಲ್ಲೇ ಇದೀನಿ, ಎಲ್ಲೂ ಹೋಗಿಲ್ಲ. ಈ ಜಾಗ ನೆನಪಿಟ್ಕೋ. ಎಲ್ಲಾ ಗಾಡಿಗೂ ಇಂಥದೊಂದು ಜಾಗ ಇರತ್ತೆ. ಗೂಳಿಗೆ ದೊಡ್ಡದು, ಇದಕ್ಕೆ ಚಿಕ್ಕದು, ಅಷ್ಟೇ. ಕಾಣ್ಲಿಲ್ಲ ಅಂದ್ರೆ ಯಾರೂ ಇಲ್ಲ ಅಂತಲ್ಲ. ಇಲ್ಲಿ ಯಾರೋ ನಿಂತಿದಾರೆ ಅಂತಲೇ ಅಂದ್ಕೊಂಡು ಓಡ್ಸು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಕನ್ನಡಿ ನೋಡಿದಳು. ಭಾವ ಹಿಂದಿನ ಚಕ್ರದ ಪಕ್ಕದ ಆ ಜಾಗದಲ್ಲೇ, ಅವಳು ಇನ್ನೇನಾದರೂ ಕೇಳಿಯಾಳೆಂದು ನಿಂತಿದ್ದರು.